ಅನ್ನಪೂರ್ಣೆಯ ಸುತ್ತು: ಉಪ್ಪು ಸಾಗಿದ ದಾರಿಯಲ್ಲಿ ಊರಿಂದೂರಿಗೆ

ನೇಪಾಳದ ಬೆಟ್ಟದ ಹಾದಿಗಳನ್ನು ಯಾರೂ ಚಾರಣಿಗರಿಗೆಂದು ಕಡಿದದ್ದಲ್ಲ. ಟಿಬೆಟಿನ ಉಪ್ಪು, ಉಣ್ಣೆ ಕೆಳಗಿಳಿಯಲು, ತಗ್ಗಿನ ಅಕ್ಕಿ ಮೇಲೇರಲು, ಕುರಿಮಂದೆಗಳು ಋತುವಿಗೆ ತಕ್ಕಂತೆ ಹತ್ತಿಳಿಯಲು, ಹೆಣ್ಣು ಕೊಟ್ಟ ಊರಿಗೆ ಹೋಗಿಬರಲು ತುಳಿದು ತುಳಿದು ಸವೆದ ಹಾದಿಗಳವು. ಅನ್ನಪೂರ್ಣಾ ಪರ್ವತಸಮೂಹವನ್ನು ಬಳಸಿ ಬರುವ ಸುತ್ತುದಾರಿಯಲ್ಲಿ ಇದು ಹೆಜ್ಜೆಹೆಜ್ಜೆಗೂ ಕಾಣುತ್ತದೆ. ಪೂರ್ವಕ್ಕೆ ಮರ್ಸ್ಯಾಂಗ್ದಿ ನದಿಯ ಕಣಿವೆ, ಪಶ್ಚಿಮಕ್ಕೆ ಕಾಳಿಗಂಡಕಿಯ ಕಣಿವೆ, ಎರಡನ್ನೂ ಬೆಸೆಯುವುದು 5,416 ಮೀಟರ್ ಎತ್ತರದ ಥೊರೊಂಗ್ ಲಾ ಪಾಸ್. 1977ರಲ್ಲಿ ವಿದೇಶಿಯರಿಗೆ ತೆರೆದ ಈ ಸುತ್ತಿನಲ್ಲಿ ಗುಡಾರ ಹೊರುವ ಅಗತ್ಯವೇ ಬೀಳುವುದಿಲ್ಲ. ನಾಲ್ಕಾರು ಗಂಟೆ ನಡೆದರೆ ಒಂದು ಊರು, ಊರಲ್ಲೊಂದು ಲಾಡ್ಜ್, ಲಾಡ್ಜಿನ ಒಲೆಯ ಮೇಲೆ ಬೇಳೆ ಬೇಯುತ್ತಿರುತ್ತದೆ.

ಹಾಗಾಗಿ ಇಲ್ಲಿ ‘ಚಾರಣ’ ಬೇರೆ, ‘ಸಂಸ್ಕೃತಿ ದರ್ಶನ’ ಬೇರೆ ಎಂದು ವಿಂಗಡಿಸುವುದು ಸಾಧ್ಯವಿಲ್ಲ. ನಡೆಯುವ ದಾರಿಯೇ ಊರಿನ ಬೀದಿ.

1950ಕ್ಕೆ ಮೊದಲು ನೇಪಾಳದ ಬಾಗಿಲು ಹೊರಗಿನವರಿಗೆ ಹೆಚ್ಚುಕಡಿಮೆ ಮುಚ್ಚಿತ್ತು. ಆ ವರ್ಷ ಮೊರಿಸ್ ಎರ್ಜೋಗ್ ನೇತೃತ್ವದ ಫ್ರೆಂಚ್ ತಂಡಕ್ಕೆ ಅನುಮತಿ ದೊರೆಯಿತು. ಕಾಳಿಗಂಡಕಿ ದಡದ ಟುಕುಚೆಯಲ್ಲಿ ತಂಡ ಬೀಡುಬಿಟ್ಟಿತು. ಕೈಯಲ್ಲಿದ್ದ ನಕ್ಷೆಗಳು ಎಷ್ಟು ತಪ್ಪಾಗಿದ್ದವೆಂದರೆ, ಹತ್ತುವುದಕ್ಕೆ ಮೊದಲು ಪರ್ವತಕ್ಕೆ ಹೋಗುವ ದಾರಿಯನ್ನೇ ವಾರಗಟ್ಟಲೆ ಹುಡುಕಬೇಕಾಯಿತು. ಜೂನ್ 3ರಂದು ಎರ್ಜೋಗ್ ಮತ್ತು ಲೂಯಿ ಲಾಶ್ನಾಲ್ 8,091 ಮೀಟರ್ ಎತ್ತರದ ಅನ್ನಪೂರ್ಣಾ ತುದಿ ಮುಟ್ಟಿದರು. 8,000 ಮೀಟರ್ ಮೀರಿದ ಶಿಖರವೊಂದನ್ನು ಮನುಷ್ಯ ಏರಿದ್ದು ಅದೇ ಮೊದಲು. ಇಬ್ಬರೂ ಹಿಮಗಡಿತಕ್ಕೆ ಕಾಲ್ಬೆರಳು ಕಳೆದುಕೊಂಡರು, ಎರ್ಜೋಗ್ ಕೈಬೆರಳುಗಳನ್ನೂ. ಶಿಖರ ಏರದೆ ಬೆಟ್ಟದ ನಡುವೆ ಸುಮ್ಮನೆ ನಡೆಯಲೂ ಜನ ಬರುತ್ತಾರೆಂದು ನಂಬಿದವರು ನಿವೃತ್ತ ಬ್ರಿಟಿಷ್ ಸೇನಾಧಿಕಾರಿ ಜಿಮ್ಮಿ ರಾಬರ್ಟ್ಸ್. 1964ರಲ್ಲಿ ಕಠ್ಮಂಡುವಿನಲ್ಲಿ ಅವರು ತೆರೆದ ಸಂಸ್ಥೆಯಿಂದಲೇ ನೇಪಾಳದ ಚಾರಣೋದ್ಯಮ ಶುರುವಾಯಿತು.

ಸುತ್ತು ಆರಂಭವಾಗುವ ಬೇಸಿಸಹರ್ ಸಮುದ್ರಮಟ್ಟದಿಂದ 800 ಮೀಟರ್‌ಗಿಂತ ಕಡಿಮೆ ಎತ್ತರದಲ್ಲಿದೆ. ಬಾಳೆ, ಭತ್ತದ ಮೆಟ್ಟಿಲುಗದ್ದೆ, ಸೆಕೆ. ಸ್ವಲ್ಪ ಮೇಲೇರಿದರೆ ಗದ್ದೆಯ ಜಾಗಕ್ಕೆ ಹೊಲ ಬರುತ್ತದೆ, ಹೊಲದಲ್ಲಿ ರಾಗಿ! ಇಲ್ಲಿನವರು ಅದನ್ನು ಕೋದೋ ಎನ್ನುತ್ತಾರೆ. ಅದರ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಮರದ ಕೋಲಿನಿಂದ ತೊಳಸಿ ಮಾಡುವ ಢಿಂಡೊ ಬೆಟ್ಟದ ಜನರ ದಿನದ ಊಟ. ಹಳೇ ಮೈಸೂರಿನಿಂದ ಹೋದವರು ತಟ್ಟೆ ಕಂಡ ಕೂಡಲೇ ಗುರುತು ಹಿಡಿಯುತ್ತಾರೆ, ಸೊಪ್ಪಿನ ಸಾರಿನ ಜೊತೆ ನುಂಗುವ ಬಗೆಯೂ ಬೇರೆಯಲ್ಲ. ಈ ಕೆಳಭಾಗದ ಊರುಗಳಲ್ಲಿ ಗುರುಂಗ್ ಜನ ಹೆಚ್ಚು. ಗೂರ್ಖಾ ಪಡೆಗಳಲ್ಲಿ ದುಡಿದು ಪಿಂಚಣಿ ತರುವವರ ಮನೆಗಳು ಇಲ್ಲಿ ಬೇಕಾದಷ್ಟಿವೆ.

ಚಾಮೆ ದಾಟಿ ಪೀಸಾಂಗ್ ಕಡೆ ತಿರುಗಿದಾಗ ನೋಟ ಪೂರ್ತಿ ಬದಲಾಗುತ್ತದೆ. ಅನ್ನಪೂರ್ಣಾ ಸಾಲು ಮುಂಗಾರನ್ನು ದಕ್ಷಿಣದಲ್ಲೇ ತಡೆದುಬಿಡುತ್ತದೆ. ಪೊಖರಾ ಹತ್ತಿರದ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ಮೀರಿ ಮಳೆ ಸುರಿದರೆ, ಪರ್ವತದ ಹಿಂಬದಿಯ ಜೋಮ್‌ಸೋಮ್‌ನಲ್ಲಿ 300 ಮಿಲಿಮೀಟರ್ ಕೂಡ ಆಗುವುದಿಲ್ಲ. ಮಳೆಯಿಲ್ಲದ ಮೇಲೆ ಇಳಿಜಾರು ಮಾಡು ಯಾಕೆ? ಮನೆಗಳೆಲ್ಲ ಕಲ್ಲು ಮಣ್ಣಿನವು, ಚಪ್ಪಟೆ ಮಾಳಿಗೆಯವು. ಮಾಳಿಗೆಯ ಅಂಚಿಗೆ ಒಟ್ಟಿದ ಸೌದೆ, ಒಣಗಲು ಹರಡಿದ ಬಾರ್ಲಿ. ಊರ ಬಾಯಲ್ಲಿ ಮಂತ್ರ ಕೆತ್ತಿದ ಕಲ್ಲುಗಳ ಉದ್ದನೆಯ ಮಣಿಗೋಡೆ. ಅದನ್ನು ಬಲಕ್ಕೆ ಬಿಟ್ಟುಕೊಂಡು, ಅಂದರೆ ಪ್ರದಕ್ಷಿಣೆಯಾಗಿ, ಸಾಗಬೇಕು. ಪ್ರಾರ್ಥನಾಚಕ್ರ ತಿರುಗಿಸುವುದೂ ಅದೇ ದಿಕ್ಕಿಗೆ. ಬೌದ್ಧರ ಈ ಕಣಿವೆಯಲ್ಲಿ ಬ್ರಾಗಾ ಎಂಬ ಊರಿನ ಗೊಂಪಾ (ಬೌದ್ಧ ಮಠ) ಸುಮಾರು 500 ವರ್ಷ ಹಳೆಯದೆನ್ನುತ್ತಾರೆ. ಗುಡ್ಡದ ಮೈಗೆ ಒಂದರ ಮೇಲೊಂದು ಅಂಟಿದ ಮನೆಗಳ ನೆತ್ತಿಯಲ್ಲಿ ಅದು ಕೂತಿದೆ.

3,540 ಮೀಟರ್ ಎತ್ತರದ ಮನಾಂಗ್‌ನಲ್ಲಿ ಎಲ್ಲರೂ ಒಂದು ದಿನ ನಿಲ್ಲುತ್ತಾರೆ, ನಿಲ್ಲಲೇಬೇಕು. ಥೊರೊಂಗ್ ಲಾ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟು ಮಾತ್ರ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಅದಕ್ಕೆ ಒಗ್ಗಿಕೊಳ್ಳಲು ದೇಹಕ್ಕೆ ದಿನಗಳು ಬೇಕು. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಸೂಚನೆಗಳು. ಅವನ್ನು ಲೆಕ್ಕಿಸದೆ ಏರುತ್ತ ಹೋದರೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿ ಪ್ರಾಣವೇ ಹೋಗಬಹುದು. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎಂಬುದು ವೈದ್ಯರ ಸಲಹೆ. ಕಾಯಿಲೆ ಕಾಣಿಸಿಕೊಂಡರೆ ಎಲ್ಲಕ್ಕಿಂತ ದೊಡ್ಡ ಮದ್ದು ಕೆಳಗಿಳಿಯುವುದು. 1973ರಲ್ಲಿ ಹುಟ್ಟಿದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಮನಾಂಗ್‌ನಲ್ಲಿ ಚಿಕಿತ್ಸಾಲಯ ನಡೆಸುತ್ತದೆ. ಚಾರಣದ ಋತುವಿನಲ್ಲಿ ಅಲ್ಲಿನ ವೈದ್ಯರು ಮಧ್ಯಾಹ್ನದ ಹೊತ್ತು ಈ ಕುರಿತು ಮಾತಾಡುತ್ತಾರೆ. ಅದನ್ನು ಕೇಳಿಸಿಕೊಳ್ಳದೆ ಯಾರೂ ಮುಂದೆ ಹೋಗಬಾರದು.

ಎತ್ತರದಷ್ಟೇ ಹವಾಮಾನವೂ ಅಪಾಯಕಾರಿ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಬಡಿದ ಹುಡ್‌ಹುಡ್ ಚಂಡಮಾರುತ ಉತ್ತರಕ್ಕೆ ಸರಿದು, ಎರಡು ದಿನದ ಬಳಿಕ ಹಿಮಬಿರುಗಾಳಿಯಾಗಿ ಅನ್ನಪೂರ್ಣಾ ಪ್ರದೇಶದ ಮೇಲೆ ಎರಗಿತು. ಚಾರಣಕ್ಕೆ ಅತ್ಯುತ್ತಮವೆನ್ನುವ ತಿಂಗಳು ಅದು. ಥೊರೊಂಗ್ ಲಾ ಆಸುಪಾಸಿನಲ್ಲೂ ಅಕ್ಕಪಕ್ಕದ ಪ್ರದೇಶಗಳಲ್ಲೂ ಕನಿಷ್ಠ 43 ಮಂದಿ ಸತ್ತರು. ಅವರಲ್ಲಿ ಚಾರಣಿಗರಷ್ಟೇ ಇರಲಿಲ್ಲ. ಗೈಡ್‌ಗಳು, ಹೊರೆಯಾಳುಗಳು, ಯಾಕ್ ಕಾಯುವ ಸ್ಥಳೀಯರೂ ಇದ್ದರು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದ ಸುದ್ದಿ ಬಂದರೆ ಹಿಮಾಲಯದಲ್ಲಿರುವವರೂ ಕಿವಿಗೊಡಬೇಕು ಎಂಬುದನ್ನು ಆ ದುರಂತ ತೋರಿಸಿತು.

ಪಾಸ್ ದಾಟಿ 1,600 ಮೀಟರ್‌ಗಳಷ್ಟು ಇಳಿದರೆ ಮುಕ್ತಿನಾಥ. ಇಲ್ಲಿಗೆ ಕನ್ನಡಿಗರ ನಂಟು ಹಳೆಯದು. ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಇದೂ ಒಂದು. ಮಾಧ್ವರ ಮನೆಗಳಲ್ಲಿ, ಉಡುಪಿಯ ಮಠಗಳಲ್ಲಿ ನಿತ್ಯ ಪೂಜೆಗೊಳ್ಳುವ ಸಾಲಿಗ್ರಾಮಗಳ ತವರು ಇದೇ ಗಂಡಕಿ. ಭೂವಿಜ್ಞಾನಿಗಳ ಕಣ್ಣಿಗೆ ಅವು ಅಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ. ಹಿಮಾಲಯ ಇರುವ ಜಾಗದಲ್ಲಿ ಟೆಥಿಸ್ ಸಾಗರವಿದ್ದಾಗ, ಇಂದಿಗೆ 14 ಕೋಟಿ ವರ್ಷಕ್ಕೂ ಹಿಂದೆ, ಅದರ ತಳದ ಕೆಸರಲ್ಲಿ ಹುದುಗಿದ ಸುರುಳಿಚಿಪ್ಪು. ಭಾರತದ ಭೂಫಲಕ ಏಷ್ಯಾಕ್ಕೆ ಗುದ್ದಿ ಆ ತಳವನ್ನೇ ಮೇಲೆತ್ತಿತು, ನದಿ ಅದನ್ನು ಕೊರೆದು ಹೊರಹಾಕುತ್ತಿದೆ. ಭಕ್ತರು ಆ ಸುರುಳಿಯಲ್ಲಿ ವಿಷ್ಣುಚಕ್ರ ಕಾಣುತ್ತಾರೆ. ಕಪ್ಪು ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡವರಿಗೆ ಎರಡೂ ಬೆರಗಿನ ಸಂಗತಿಗಳೇ.

ದೇವಾಲಯದ ಹಿಂದೆ ಅರ್ಧವೃತ್ತದ ಗೋಡೆಯಲ್ಲಿ 108 ಹಿತ್ತಾಳೆಯ ಮುಖಗಳಿಂದ ಹಿಮದ ನೀರು ಸುರಿಯುತ್ತದೆ. ಯಾತ್ರಿಕರು ನಡುಗುತ್ತಲೇ ಅಷ್ಟೂ ಧಾರೆಗಳಿಗೆ ತಲೆಯೊಡ್ಡಿ ಓಡುತ್ತಾರೆ. ಇದೇ ಜಾಗವನ್ನು ಬೌದ್ಧರು ಚುಮಿಗ್ ಗ್ಯಾತ್ಸಾ ಎಂದು ಕರೆಯುತ್ತಾರೆ. ಟಿಬೆಟಿಗೆ ಹೋಗುವಾಗ ಗುರು ಪದ್ಮಸಂಭವ ಇಲ್ಲಿ ಧ್ಯಾನ ಮಾಡಿದ ಎಂಬುದು ಅವರ ನಂಬಿಕೆ. ಪಕ್ಕದ ಜ್ವಾಲಾಮಾಯಿ ಗುಡಿಯಲ್ಲಿ ನೆಲದಿಂದ ಹೊಮ್ಮುವ ನೈಸರ್ಗಿಕ ಅನಿಲ ನೀರಿನ ಬದಿಯಲ್ಲೇ ಸಣ್ಣ ನೀಲಿ ಉರಿಯಾಗಿ ಉರಿಯುತ್ತದೆ. ಅದನ್ನು ನೋಡಿಕೊಳ್ಳುವವರು ಬೌದ್ಧ ಸನ್ಯಾಸಿನಿಯರು. ಹಿಂದೂ ಯಾತ್ರಿಕರು ಅವರಿಂದಲೇ ದರ್ಶನ ಪಡೆಯುತ್ತಾರೆ. ಇದು ತಮ್ಮದೋ ಅವರದೋ ಎಂಬ ಜಗಳಕ್ಕೆ ಬೀಳದೆ ಎರಡು ಧರ್ಮಗಳವರು ಒಂದೇ ನೀರು, ಒಂದೇ ಬೆಂಕಿಯನ್ನು ಪೂಜಿಸುತ್ತ ಬಂದಿದ್ದಾರೆ. ಮುಕ್ತಿನಾಥದಲ್ಲಿ ನೋಡಲೇಬೇಕಾದದ್ದು ಇದು.

ಕರ್ನಾಟಕದಿಂದ ಹೊರಡುವ ಹಿರಿಯ ಯಾತ್ರಿಕರಿಗೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ರಸ್ತೆಯಾದ ಮೇಲೆ ಪೊಖರಾದಿಂದ, ಅಂದರೆ 800 ಮೀಟರ್ ಆಸುಪಾಸಿನಿಂದ, ಜೀಪಿನಲ್ಲಿ ಒಂದೇ ದಿನಕ್ಕೆ 3,700 ಮೀಟರ್ ಮೀರಿದ ಮುಕ್ತಿನಾಥ ತಲುಪಬಹುದು. ವಾರವಿಡೀ ನಡೆದು ಬಂದವನ ದೇಹ ಎತ್ತರಕ್ಕೆ ಒಗ್ಗಿರುತ್ತದೆ, ಜೀಪಿನಲ್ಲಿ ಬಂದವರದು ಒಗ್ಗಿರುವುದಿಲ್ಲ. ಪ್ರವಾಸದ ಪಟ್ಟಿಯಲ್ಲಿ ಜೋಮ್‌ಸೋಮ್‌ನಲ್ಲೋ ಮಾರ್ಫಾದಲ್ಲೋ ಒಂದು ರಾತ್ರಿ ಇದೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು. ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ವೈದ್ಯರನ್ನು ಕಾಣದೆ ಹೊರಡಬಾರದು.

ಮುಕ್ತಿನಾಥದ ಕೆಳಗೆ, ಕಾಳಿಗಂಡಕಿಯ ಸಂಗಮದಲ್ಲಿ ಕಾಗ್‌ಬೇನಿ. ಹಿಂದೂಗಳು ಇಲ್ಲಿ ಪಿತೃಗಳಿಗೆ ಪಿಂಡ ಬಿಡುತ್ತಾರೆ. ಬೌದ್ಧರಾದ ಊರಿನವರು ಊರಬಾಗಿಲಲ್ಲಿ ‘ಖೇನಿ’ ಎಂಬ ಮಣ್ಣಿನ ಗಂಡು, ಹೆಣ್ಣು ಕಾವಲುಬೊಂಬೆಗಳನ್ನು ನಿಲ್ಲಿಸಿದ್ದಾರೆ. ಇಲ್ಲಿಂದ ಮುಂದೆ ನಡೆಯುವವರು ಬೆಳಗಿನಲ್ಲೇ ಹೊರಡಬೇಕು. ಬಿಸಿಲೇರಿದಂತೆ ಉತ್ತರದ ಪ್ರಸ್ಥಭೂಮಿ ಕಾದು ಅಲ್ಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕೆಳಗಿನ ಗಾಳಿ ಇಕ್ಕಟ್ಟಾದ ಕಮರಿಯ ಮೂಲಕ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮರಳು ಮುಖಕ್ಕೆ ರಾಚುವಷ್ಟು ಬಿರುಸು. ಜೋಮ್‌ಸೋಮ್‌ಗೆ ವಿಮಾನಗಳು ಬೆಳಿಗ್ಗೆ ಮಾತ್ರ ಹಾರುವುದೂ ಇದೇ ಕಾರಣಕ್ಕೆ. ಕಮರಿಯ ಒಂದು ಬದಿಗೆ ಅನ್ನಪೂರ್ಣಾ, ಇನ್ನೊಂದು ಬದಿಗೆ 8,167 ಮೀಟರ್‌ನ ಧೌಲಗಿರಿ. ಎರಡರ ನಡುವೆ ನದಿ ಹರಿಯುವುದು ಶಿಖರಗಳಿಗಿಂತ ಐದೂವರೆ ಸಾವಿರ ಮೀಟರ್ ಕೆಳಗೆ.

ಈ ಗಾಳಿಯೇ ಮಾರ್ಫಾ ಊರನ್ನು ಕಟ್ಟಿದೆ ಎನ್ನಬಹುದು. ಸುಣ್ಣ ಬಳಿದ ಮನೆಗಳು ಒಂದಕ್ಕೊಂದು ಒತ್ತಿ ನಿಂತಿವೆ. ನಡುವೆ ಕಿರಿದಾದ ಓಣಿ, ಓಣಿಯ ಚಪ್ಪಡಿಯಡಿ ಹರಿಯುವ ಚರಂಡಿ. ಸುತ್ತ ಸೇಬಿನ ತೋಟಗಳು. ಟಿಬೆಟಿಗೆ ಗುಟ್ಟಾಗಿ ಹೋದ ಜಪಾನಿ ಭಿಕ್ಷು ಎಕಾಯ್ ಕವಾಗುಚಿ 1900ರಲ್ಲಿ ಗಡಿ ದಾಟುವ ಮುನ್ನ ಕೆಲಕಾಲ ಇಲ್ಲಿಯೇ ತಂಗಿದ್ದರು.

ಮಾರ್ಫಾ, ಟುಕುಚೆ ಸೀಮೆಯವರು ಥಕಾಲಿಗಳು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉಪ್ಪಿನ ಸುಂಕದ ಗುತ್ತಿಗೆ ಟುಕುಚೆಯ ವರ್ತಕರ ಕೈಗೆ ಬಂತು. ಟಿಬೆಟಿನ ಉಪ್ಪು, ದಕ್ಷಿಣದ ಧಾನ್ಯ ಇಲ್ಲಿ ಕೈಬದಲಾಗುತ್ತಿದ್ದವು. 1959ರ ನಂತರ ಟಿಬೆಟ್ ಗಡಿ ಬಿಗಿಯಾಯಿತು, ಭಾರತದ ಕಡಲುಪ್ಪು ಅಗ್ಗವಾಗಿ ಬೆಟ್ಟ ಹತ್ತಿತು. ವ್ಯಾಪಾರ ಕುಸಿದಾಗ ಥಕಾಲಿಗಳು ಕೈಕಟ್ಟಿ ಕೂರಲಿಲ್ಲ. ಹೇಸರಗತ್ತೆಗಳ ಸಾಲಿನವರಿಗೆ ಊಟ, ಹಾಸಿಗೆ ಕೊಟ್ಟು ಅಭ್ಯಾಸವಿದ್ದ ಹೆಂಗಸರು ಚಾರಣಿಗರಿಗೂ ಬಡಿಸಿದರು. ನೇಪಾಳದ ಪೇಟೆಪೇಟೆಯಲ್ಲಿ ಇಂದು ‘ಥಕಾಲಿ’ ಹೆಸರಿನ ಊಟದ ಮನೆಗಳಿವೆ. ಅನ್ನ, ಬೇಳೆ, ಗುಂದ್ರುಕ್ ಎಂಬ ಹುಳಿಗೊಳಿಸಿ ಒಣಗಿಸಿದ ಸೊಪ್ಪು, ಉಪ್ಪಿನಕಾಯಿ, ಸಾಕೆನ್ನುವವರೆಗೆ ಬಡಿಸುವ ಪದ್ಧತಿ. ಬಂಡವಾಳಕ್ಕೆ ಬ್ಯಾಂಕನ್ನು ಕಾಯದೆ ‘ಧಿಕುರಿ’ ಎಂಬ ಚೀಟಿ ವ್ಯವಸ್ಥೆಯಲ್ಲಿ ತಮ್ಮೊಳಗೇ ಹಣ ಕೂಡಿಸಿಕೊಂಡ ಜನ ಇವರು.

ರಸ್ತೆ ಬಂದು ಚಾರಣ ಕೆಟ್ಟಿತು ಎಂಬ ದೂರು ಈಗ ಎಲ್ಲೆಡೆ ಕೇಳುತ್ತದೆ. ಎರಡೂ ಕಣಿವೆಗಳಲ್ಲಿ ಜೀಪುಗಳ ಧೂಳು ಎದ್ದಿರುವುದು ನಿಜ. ಆದರೆ ಹೆರಿಗೆ ಕಷ್ಟವಾದ ಹೆಣ್ಣುಮಗಳನ್ನು ಡೋಕೊ ಬುಟ್ಟಿಯಲ್ಲಿ ಹೊತ್ತು ಇಳಿಯುತ್ತಿದ್ದ ಊರಿಗೆ, ಸೇಬು ಮರದಡಿಯೇ ಕೊಳೆಯುತ್ತಿದ್ದ ತೋಟದವನಿಗೆ ರಸ್ತೆ ಬೇಡವೆನ್ನುವ ಹಕ್ಕು ಹೊರಗಿನಿಂದ ಬಂದವರಿಗೆ ಇಲ್ಲ. ನಡೆಯುವವರಿಗೆ ಬೇರೆ ಹಾದಿಗಳಿವೆ. ನದಿಯ ಆಚೆ ದಡದಲ್ಲಿ, ಮೇಲಿನ ಹಳ್ಳಿಗಳ ಮೂಲಕ ಹೋಗುವ ಕಾಲುದಾರಿಗಳಿಗೆ ಕೆಂಪು ಬಿಳಿ ಪಟ್ಟೆಯ ಗುರುತು ಬಳಿದಿದ್ದಾರೆ. ಪೀಸಾಂಗ್‌ನಿಂದ ಘ್ಯಾರು, ಙಾವಲ್ ಮೂಲಕ ಮನಾಂಗ್‌ಗೆ ಹೋಗುವ ಮೇಲ್ದಾರಿ ರಸ್ತೆಗಿಂತ ಕಷ್ಟದ್ದು, ಆದರೆ ಅನ್ನಪೂರ್ಣೆಯ ಶಿಖರಗಳು ಎದುರಿಗೇ ನಿಲ್ಲುವುದು ಅಲ್ಲಿ.

ಹೊರೆಯಾಳುಗಳ ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. ಹಣೆಗೆ ನಾಮ್ಲೊ ಪಟ್ಟಿ ಕೊಟ್ಟು ಹೊರೆ ಹೊರುವ ಎಲ್ಲರೂ ಎತ್ತರದಲ್ಲಿ ಹುಟ್ಟಿ ಬೆಳೆದವರಲ್ಲ, ತಗ್ಗಿನ ಊರುಗಳಿಂದ ದುಡಿಮೆಗೆ ಬಂದವರೇ ಹಲವರು. ಚಳಿ, ಎತ್ತರ ಅವರನ್ನೂ ಬಾಧಿಸುತ್ತವೆ. ಬೆಚ್ಚಗಿನ ಬಟ್ಟೆ, ಗಟ್ಟಿ ಬೂಟು, ವಿಮೆ ಇದೆಯೇ ಎಂದು ಕೂಲಿಯ ಮಾತಿಗೆ ಮೊದಲೇ ವಿಚಾರಿಸುವುದು ಚಾರಣಿಗನ ಕರ್ತವ್ಯ. 2023ರ ಏಪ್ರಿಲ್ 1ರಿಂದ ವಿದೇಶಿ ಚಾರಣಿಗರು ಪರವಾನಗಿ ಪಡೆದ ಗೈಡ್ ಜೊತೆಯಲ್ಲೇ ಹೋಗಬೇಕೆಂಬ ನಿಯಮವೂ ಬಂದಿದೆ.

ಹೋಗಲು ಅಕ್ಟೋಬರ್, ನವೆಂಬರ್ ಒಳ್ಳೆಯದು. ಮಾರ್ಚ್, ಏಪ್ರಿಲ್‌ನಲ್ಲಿ ಘೋರೆಪಾನಿ ಕಡೆ ಲಾಲಿಗುರಾಂಸ್ ಹೂವು ಕಾಡಿಗೆ ಕಾಡನ್ನೇ ಕೆಂಪಾಗಿಸುತ್ತದೆ. ಪರ್ವತದ ಹಿಂಬದಿಯನ್ನಷ್ಟೇ ನೋಡುವುದಾದರೆ ಮಳೆಗಾಲವೂ ಆದೀತು. ಶ್ರಾವಣದ ನೂಲಹುಣ್ಣಿಮೆಗೆ ಜನಿವಾರ ಬದಲಿಸುವ ಹಿಂದೂಗಳು ಮುಕ್ತಿನಾಥದ ಧಾರೆಗಳಲ್ಲಿ ನೆರೆಯುತ್ತಾರೆ. ಅದೇ ಸಮಯಕ್ಕೆ ಕೆಳಗಿನ ರಾಣಿಪೌವಾದಲ್ಲಿ ಬೌದ್ಧರ ಯಾರ್ತುಂಗ್ ಹಬ್ಬ, ಕುದುರೆ ಓಟ, ಕುಣಿತ. ಆ ದಿನಗಳಿಗೆ ಹೋಗುವವರು ಕೋಣೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮಳೆಗೆ ಗುಡ್ಡ ಕುಸಿದು ಬೇನಿ–ಜೋಮ್‌ಸೋಮ್ ರಸ್ತೆ ಮುಚ್ಚುವುದುಂಟು, ವಿಮಾನ ರದ್ದಾಗುವುದೂ ಉಂಟು. ಎರಡು ಮೂರು ದಿನ ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಂಡೇ ಹೊರಡುವುದು ಮೇಲು.