ಡಬ್ಬಿಯ ಮುಚ್ಚಳ ತೆಗೆಯೋದನ್ನ ಮಗು ಹೇಗೆ ಕಲಿಯುತ್ತೆ?

ಈ ವಾರದ ವಿಡಿಯೊದಲ್ಲಿ ಆಡಿದ ಮಾತುಗಳ ಬರಹರೂಪ ಇದು. ಲೋಕಲ್‌ನಲ್ಲಿ ನಿಂತು ಓದೋರಿಗೆ ಅನುಕೂಲ ಆಗಲಿ ಅಂತ ಚಿಕ್ಕದು ಮಾಡಿದ್ದೀನಿ.

ನಾವಿರೋದು ಡೊಂಬಿವಲಿ ಪೂರ್ವದಲ್ಲಿ. ನನ್ನ ಆಫೀಸು ಐರೋಲಿ, ಹೆಂಡತಿಯದು ಠಾಣೆ. ಹಗಲು ಮಗಳನ್ನು ನೋಡಿಕೊಳ್ಳೋರು ಒಬ್ಬ ಮರಾಠಿ ಮಾವಶಿ. ಅವರದ್ದು ಮಾತು ಕಡಿಮೆ. ಹದಿನಾರು ತಿಂಗಳ ಮಗು ಇಡೀ ದಿನ ಹೀಗೇ ಇದ್ದರೆ ಏನು ಕಲಿತೀತು ಅಂತ ನನಗೆ ಚಿಂತೆ. ಬೇರೆಯವರನ್ನು ಹುಡುಕೋಣ ಅಂತ ಹೆಂಡತಿಗೆ ಹೇಳಿಯೂ ಆಗಿತ್ತು.

ಮನೆಯಿಂದಲೇ ಕೆಲಸ ಮಾಡ್ತಿದ್ದ ಒಂದು ದಿನ ಗದಗಿನಿಂದ ಅವ್ವ ವಿಡಿಯೊ ಕಾಲ್ ಮಾಡಿದ್ದಳು. ಮಗಳ ತೊಡೆಯ ಮೇಲೆ ಬಿಸ್ಕಿಟ್ ಡಬ್ಬಿ, ತಿರುಗಿಸಿ ತೆಗೆಯೋ ಮುಚ್ಚಳದ್ದು. "ಹಿಂಗ ತಿರುವವಾ, ಹಿಂಗ" ಅಂತ ಅವ್ವ ಕೈ ತಿರುಗಿಸಿ ತೋರಿಸಿದಳು. ಮಗಳೂ ಗಾಳಿಯಲ್ಲಿ ಕೈ ತಿರುಗಿಸಿದಳು, ಟಾಟಾ ಮಾಡೋ ಹಾಗೆ! ನಾನು ಎದುರಿಗೆ ಕೂತು "ತಿರುಗಿಸು ಪುಟ್ಟಾ" ಅಂದೆ. ಅವಳು ಮುಚ್ಚಳ ಎಳೆದಳು, ಕಚ್ಚಿದಳು, ಕೊನೆಗೆ ಡಬ್ಬಿಯನ್ನೇ ಎಸೆದಳು.

ಮಾವಶಿ ಬಂದು ಅವಳ ಬೆನ್ನ ಹಿಂದೆ ಕೂತರು. ಮುಚ್ಚಳ ಸ್ವಲ್ಪ ಸಡಿಲ ಮಾಡಿ, ಮಗುವಿನ ಕೈ ಮೇಲೆ ತಮ್ಮ ಕೈ ಇಟ್ಟು ತಿರುಗಿಸಿದರು. ಎರಡನೇ ಸಲ ಅರ್ಧ ತಿರುಗಿಸಿ ಕೈ ಬಿಟ್ಟರು. ಮೂರನೇ ಸಲ ಮುಚ್ಚಳದ ಮೇಲೆ ಬೆರಳಿನಿಂದ ತಟ್ಟಿ, "ಫಿರವ" ಅಂದರು, ಅಷ್ಟೆ. ಡಬ್ಬಿ ತೆರೆಯಿತು.

ಇದರ ಹಿಂದಿರೋದೇನು?

ಒಂದು ವಸ್ತು ನಮ್ಮ ದೇಹಕ್ಕೆ ಏನೇನು ಮಾಡೋಕೆ ಅವಕಾಶ ಕೊಡುತ್ತೋ ಅದನ್ನ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್ 'ಅಫೋರ್ಡೆನ್ಸ್' ಅಂತ ಕರೆದರು. ಮುಚ್ಚಳವನ್ನು ತಿರುಗಿಸಬಹುದು ಅನ್ನೋದು ನಮಗೆ ಕಾಣುತ್ತೆ, ಮಗುವಿಗೆ ಇನ್ನೂ ಕಾಣಲ್ಲ. ಪೆಟ್ರೀಶಿಯಾ ಜುಕೋವ್-ಗೋಲ್ಡ್ರಿಂಗ್ ತಾಯಂದಿರನ್ನೂ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿ, ಮಕ್ಕಳು ಬರೀ ನೋಡಿ ಅನುಕರಿಸಲ್ಲ, ಆ ಅನುಕರಣೆಗೆ ದೊಡ್ಡವರು ನೆರವಾಗ್ತಾರೆ ಅಂದರು. ಮೊದಲು ಮಗುವಿನ ಗಮನ ವಸ್ತುವಿನ ಕಡೆ ತಿರುಗಿಸ್ತಾರೆ, ಆಮೇಲೆ ಮಾಡಿ ತೋರಿಸ್ತಾರೆ. ಅದೂ ಸಾಲದಿದ್ದರೆ ಮಗುವಿನ ಕೈ ಹಿಡಿದೇ ಮಾಡಿಸ್ತಾರೆ. ಆಗ ಕೆಲಸ ಹೇಗೆ ಕಾಣುತ್ತೆ, ಕೈಗೆ ಹೇಗನಿಸುತ್ತೆ ಅನ್ನೋದು ಎರಡೂ ಒಟ್ಟಿಗೆ ಸಿಗುತ್ತೆ. ಎದುರಿಗೆ ಕೂತ ನನ್ನಿಂದ ಅದು ಸಿಗಲಿಲ್ಲ.

ನಮ್ಮ ಭಾಷೆಯಲ್ಲಿ ಹೇಳೋದಾದರೆ ನಾನು ಡಾಕ್ಯುಮೆಂಟೇಶನ್ ಕಳಿಸ್ತಿದ್ದೆ, ಮಾವಶಿ ಪೇರ್ ಪ್ರೋಗ್ರಾಮಿಂಗ್ ಮಾಡಿದರು. ಕೀಬೋರ್ಡ್ ಮಾತ್ರ ಮಗುವಿನ ಕೈಯಲ್ಲೇ.

ಸ್ಕ್ರೀನ್ ವಿಷಯಕ್ಕೂ ಸಂಶೋಧನೆ ಇದೆ. 1999ರಲ್ಲಿ ರೇಚಲ್ ಬಾರ್ ಮತ್ತು ಹಾರ್ಲೀನ್ ಹೇನ್, 12ರಿಂದ 18 ತಿಂಗಳ ಮಕ್ಕಳು ಎದುರಿಗೆ ಮಾಡಿ ತೋರಿಸಿದ್ದನ್ನು ಅನುಕರಿಸಿದಷ್ಟು ಟಿವಿಯಲ್ಲಿ ನೋಡಿದ್ದನ್ನು ಅನುಕರಿಸಲ್ಲ ಅಂತ ತೋರಿಸಿದರು.

ಮೌನ ಅಂದರೆ ಕೊರತೆಯೇ?

1993ರಲ್ಲಿ ಬಾರ್ಬರಾ ರೋಗಾಫ್, ಜಯಂತಿ ಮಿಸ್ತ್ರಿ ಮತ್ತು ಸಂಗಡಿಗರು ನಾಲ್ಕು ಸಮುದಾಯಗಳ ಪುಟ್ಟ ಮಕ್ಕಳನ್ನು ಹೋಲಿಸಿದರು. ಅದರಲ್ಲೊಂದು ನಮ್ಮ ದೇಶದ ಆದಿವಾಸಿ ಹಳ್ಳಿ ಧೋಲ್-ಕಿ-ಪಟ್ಟಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ತಾಯಂದಿರು ಹೆಚ್ಚಾಗಿ ಮಾತಿನಲ್ಲಿ ಪಾಠ ಮಾಡಿದರೆ, ಈ ಹಳ್ಳಿಯವರು ನೋಟ, ಸ್ಪರ್ಶ, ಸನ್ನೆಗಳಲ್ಲಿ ಹೆಚ್ಚು ಕಲಿಸ್ತಿದ್ದರು. ಅದೂ ಕಲಿಸೋದೇ. ಇದನ್ನ ಓದಿದ ಮೇಲೆ ಬೇರೆಯವರನ್ನು ಹುಡುಕೋ ಮಾತು ನಾನು ಎತ್ತಲಿಲ್ಲ. ಕನ್ನಡದ ಮಾತು ಮಗಳ ಕಿವಿಗೆ ಬೀಳಬೇಕು ನಿಜ, ಆದರೆ ಅದು ನಮ್ಮಿಬ್ಬರ ಕೆಲಸ.

ನಿಮಗೆ ಹೇಳೋದಿಷ್ಟೆ: ಪಕ್ಕದಲ್ಲೋ ಹಿಂದೆಯೋ ಕೂರಿ, ನಿಧಾನವಾಗಿ ಮಾಡಿ, ಕೊನೆಯ ಹೆಜ್ಜೆ ಮಗುವಿಗೆ ಬಿಡಿ. ಅಮೆರಿಕದ ಸಿಡಿಸಿ ಪಟ್ಟಿಯ ಪ್ರಕಾರ, ಹೆಚ್ಚಿನ ಮಕ್ಕಳು 15 ತಿಂಗಳಿಗೆ ಲೋಟ, ಪುಸ್ತಕದಂಥವನ್ನು ಸರಿಯಾಗಿ ಬಳಸೋಕೆ ಪ್ರಯತ್ನಿಸ್ತಾರೆ, 18ಕ್ಕೆ ಚಮಚ ಹಿಡಿಯೋಕೆ ನೋಡ್ತಾರೆ. ಅನುಮಾನ ಇದ್ದರೆ ಮಕ್ಕಳ ಡಾಕ್ಟರನ್ನು ಕೇಳಿ, ನನ್ನ ವಿಡಿಯೊ ನೋಡಿ ಕೂರಬೇಡಿ.

ಈಗ ಅವ್ವ ಕಾಲ್ ಮಾಡಿದಾಗ ಮಗಳು ನನ್ನ ತೊಡೆ ಮೇಲೆ ಕೂರ್ತಾಳೆ. ಅವ್ವ ಗದಗಿನಲ್ಲಿ ಲೋಟ ಎತ್ತುತ್ತಾಳೆ, ಇಲ್ಲಿ ನಾನು ಮಗಳ ಕೈ ಹಿಡಿದು ಎತ್ತಿಸ್ತೀನಿ. ಅರ್ಧ ನೀರು ನನ್ನ ಪ್ಯಾಂಟ್ ಮೇಲೆ.

ಮುಂದಿನ ವಾರ ಸಿಗೋಣ.