ಕೂದಲ ಮಾತ್ರೆ: ಹೆದರುವ ಮೊದಲು ಅಳೆಯಿರಿ

ಉದುರುವ ಕೂದಲಿಗೆ ಇಂದು ಹೆಚ್ಚಾಗಿ ಕೊಡುವ ಎರಡು ಔಷಧಿಗಳೂ ಕೂದಲಿಗೆಂದು ಹುಟ್ಟಿದವಲ್ಲ. ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆಲ್ಲ ರೋಮ ಬೆಳೆದದ್ದನ್ನು ಕಂಡು ಅದನ್ನೇ ತಲೆಗೆ ಹಚ್ಚುವ ದ್ರಾವಣ ಮಾಡಿದರು. ಫಿನಾಸ್ಟರೈಡ್ 1992ರಲ್ಲಿ ಅಮೆರಿಕದಲ್ಲಿ ಪ್ರಾಸ್ಟೇಟ್ ಊತಕ್ಕೆ 5 ಮಿ.ಗ್ರಾಂ. ಮಾತ್ರೆಯಾಗಿ ಒಪ್ಪಿಗೆ ಪಡೆದು, 1997ರಲ್ಲಿ 1 ಮಿ.ಗ್ರಾಂ.ಗೆ ಇಳಿದು ಗಂಡಸರ ಬೋಳುತಲೆಗೆ ಬಂತು. ಅಡ್ಡಪರಿಣಾಮವೇ ಇಲ್ಲದ ಮದ್ದು ಬೇಕೆಂದು ಹಟ ಹಿಡಿಯುವವರು ಮಿನಾಕ್ಸಿಡಿಲ್‌ನ ಈ ಕಥೆ ನೆನಪಿಡಬೇಕು. ಯಾವುದನ್ನು ಸಹಿಸಬಹುದು, ಯಾವುದಕ್ಕೆ ಪ್ರಮಾಣ ಬದಲಿಸಬೇಕು, ಯಾವುದು ಕಂಡರೆ ನಿಲ್ಲಿಸಬೇಕು ಎಂಬ ವಿಂಗಡಣೆ ಔಷಧಿ ಶುರುವಾಗುವ ಮೊದಲೇ ಆಗಿರಬೇಕು.

ಹೆಚ್ಚು ಭಯ ಹುಟ್ಟಿಸಿರುವುದು ಫಿನಾಸ್ಟರೈಡ್. ಕೂದಲಿನ ಬೇರನ್ನು ಸೊರಗಿಸುವ ಡಿಎಚ್‌ಟಿ ಎಂಬ ಹಾರ್ಮೋನನ್ನು ಅದು ರಕ್ತದಲ್ಲಿ ಸುಮಾರು ಶೇ. 70ರಷ್ಟು ತಗ್ಗಿಸುತ್ತದೆ. ಕಂಪನಿಯ ಪ್ರಯೋಗಗಳಲ್ಲಿ ಲೈಂಗಿಕ ತೊಂದರೆ ಹೇಳಿಕೊಂಡವರು ಶೇ. 3.8, ಏನೂ ಇಲ್ಲದ ಹುಸಿಮಾತ್ರೆ ನುಂಗಿದವರಲ್ಲೂ ಶೇ. 2.1 ಮಂದಿ ಅದನ್ನೇ ಹೇಳಿದ್ದರು. 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದು ಇನ್ನೂ ಕುತೂಹಲಕರ. ಪ್ರಾಸ್ಟೇಟ್ ತೊಂದರೆಗೆ 5 ಮಿ.ಗ್ರಾಂ. ಪಡೆದವರಲ್ಲಿ, ಈ ಅಡ್ಡಪರಿಣಾಮದ ಬಗ್ಗೆ ಮೊದಲೇ ಎಚ್ಚರಿಸಿದ ಗುಂಪಿನ ಶೇ. 43ಕ್ಕೂ ಹೆಚ್ಚು ಜನ ಲೈಂಗಿಕ ತೊಂದರೆ ಕಂಡರು. ಎಚ್ಚರಿಸದವರಲ್ಲಿ ಕಂಡವರು ಶೇ. 15ರಷ್ಟು. ಹಾಗಾದರೆ ರೋಗಿಗೆ ಹೇಳದಿರುವುದೇ ಲೇಸಲ್ಲವೇ? ಅಲ್ಲ. ಎಚ್ಚರಿಸದ ಗುಂಪಿನಲ್ಲೂ ತೊಂದರೆ ಸೊನ್ನೆಯಾಗಲಿಲ್ಲ. ಮಾತ್ರೆ ಬಿಟ್ಟ ಮೇಲೂ ಕೆಲವರಲ್ಲಿ ತೊಂದರೆ ಉಳಿದ ವರದಿಗಳಿಂದಾಗಿ ಅಮೆರಿಕದ ಔಷಧ ಇಲಾಖೆ 2012ರಲ್ಲಿ ಔಷಧಿಯ ವಿವರಪತ್ರಕ್ಕೆ ಎಚ್ಚರಿಕೆಯ ಸಾಲುಗಳನ್ನು ಸೇರಿಸಿತು. 2025ರಲ್ಲಿ ಐರೋಪ್ಯ ಔಷಧ ಸಂಸ್ಥೆ ಆತ್ಮಹತ್ಯೆಯ ಯೋಚನೆಯನ್ನೂ ಫಿನಾಸ್ಟರೈಡ್ ಮಾತ್ರೆಯ ಅಡ್ಡಪರಿಣಾಮವೆಂದು ಒಪ್ಪಿಕೊಂಡಿತು. 'ಎಲ್ಲ ಮನಸ್ಸಿನ ಭ್ರಮೆ' ಎಂದು ರೋಗಿಯ ಬಾಯಿ ಮುಚ್ಚಿಸುವ ವೈದ್ಯರಿಗೂ, 'ಎಲ್ಲ ವಿಷ' ಎನ್ನುವ ಯೂಟ್ಯೂಬ್ ಪಂಡಿತರಿಗೂ ಈ ಅಂಕಿಗಳು ಅರ್ಧ ಬೆಂಬಲವನ್ನಷ್ಟೇ ಕೊಡುತ್ತವೆ.

ಉಳಿದದ್ದು ಅಳತೆಯ ಕೆಲಸ. ಮಾತ್ರೆ ಶುರುಮಾಡುವ ಮೊದಲೇ ನಿದ್ದೆ, ಮನಸ್ಥಿತಿ, ಲೈಂಗಿಕ ಆಸಕ್ತಿ ಹೇಗಿವೆಯೆಂದು ಬರೆದಿಟ್ಟುಕೊಂಡರೆ ಆಮೇಲೆ ಹೋಲಿಸಲು ಆಧಾರವಿರುತ್ತದೆ. ಸಣ್ಣ ತೊಂದರೆಗೆ ಪ್ರಮಾಣ ತಗ್ಗಿಸುವ ದಾರಿಯೂ ಇದೆ: ಒಂದು ಅಧ್ಯಯನದಲ್ಲಿ 0.2 ಮಿ.ಗ್ರಾಂ. ಕೂಡ ನೆತ್ತಿಯ ಡಿಎಚ್‌ಟಿಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿತ್ತು. ಆದರೆ ಇದನ್ನು ಮನೆಯಲ್ಲೇ ಪ್ರಯೋಗಿಸಬೇಡಿ. ದುಡ್ಡು ಉಳಿಸಲು 5 ಮಿ.ಗ್ರಾಂ. ಮಾತ್ರೆಯನ್ನು ಬ್ಲೇಡಿನಿಂದ ನಾಲ್ಕು ತುಂಡು ಮಾಡುವವರಿದ್ದಾರೆ. ತುಂಡುಗಳು ಒಂದೇ ಅಳತೆಗೆ ಬರುವುದಿಲ್ಲ. ಉದುರುವ ಪುಡಿ ಗರ್ಭಿಣಿಯ ಕೈಗೆ ತಾಗಲೇಬಾರದು, ಹೊಟ್ಟೆಯಲ್ಲಿರುವ ಗಂಡುಮಗುವಿನ ಜನನಾಂಗದ ಬೆಳವಣಿಗೆಗೆ ಅಪಾಯ. ಇದೇ ಕಾರಣಕ್ಕೆ, ಮಾತ್ರೆ ನಿಲ್ಲಿಸಿ ಒಂದು ತಿಂಗಳಾಗುವವರೆಗೆ ರಕ್ತದಾನವನ್ನೂ ಮಾಡುವಂತಿಲ್ಲ.

ಮಿನಾಕ್ಸಿಡಿಲ್ ತಕರಾರುಗಳು ಬೇರೆ. ಹಚ್ಚಿದ ಮೊದಲ ಕೆಲವು ವಾರ ಕೂದಲು ಇನ್ನಷ್ಟು ಉದುರುತ್ತದೆ; ವಿಶ್ರಾಂತಿಯಲ್ಲಿದ್ದ ಹಳೆಯ ಕೂದಲನ್ನು ಹೊಸದು ತಳ್ಳುವುದರಿಂದ ಹಾಗಾಗುತ್ತದೆ. ಬಾಟಲಿ ಎಸೆಯುವುದು ಬಹುಪಾಲು ಆಗಲೇ. ನೆತ್ತಿಯ ತುರಿಕೆಗೆ ಅನೇಕ ಸಲ ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಕಾರಣ, ಅದಿಲ್ಲದ ಫೋಮ್‌ಗೆ ಬದಲಾದರೆ ಸಾಕಾಗಬಹುದು. ಹಚ್ಚಿದ ಮೇಲೆ ಕೈ ತೊಳೆದು, ತಲೆ ಒಣಗಿಸಿಯೇ ದಿಂಬಿಗೆ ಒರಗಬೇಕು. ಇಲ್ಲದಿದ್ದರೆ ಹೆಂಗಸರಿಗೆ ಕೆನ್ನೆಯ ಮೇಲೂ ರೋಮ ಬರುವುದುಂಟು. ಇತ್ತೀಚೆಗೆ ಬಳಕೆಗೆ ಬಂದ ಕಡಿಮೆ ಪ್ರಮಾಣದ ನುಂಗುವ ಮಿನಾಕ್ಸಿಡಿಲ್‌ನಲ್ಲಿ ಕಾಲು ಊದುವುದು, ಎದೆ ಡವಗುಟ್ಟುವುದು ಕಂಡರೆ ಕಾಯದೆ ವೈದ್ಯರಿಗೆ ಹೇಳಬೇಕು.

ಕೂದಲು ಜೀವಕ್ಕೆ ಬೇಕಾದ ಅಂಗವಲ್ಲ, ಹಾಗಾಗಿ ಸಹಿಸುವ ಮಿತಿಯೂ ಚಿಕ್ಕದಾಗಿರಲಿ. ಮನಸ್ಸು ಕುಗ್ಗುತ್ತಿದ್ದರೆ ಫಿನಾಸ್ಟರೈಡ್ ನಿಲ್ಲಿಸಿ, ಅಂದೇ ವೈದ್ಯರನ್ನು ಕಾಣಿ. ನಲವತ್ತು ದಾಟಿ ಪಿಎಸ್‌ಎ ಎಂಬ ಪ್ರಾಸ್ಟೇಟ್ ರಕ್ತಪರೀಕ್ಷೆಗೆ ಹೋಗುವವರು ಈ ಮಾತ್ರೆಯ ವಿಷಯ ಮುಚ್ಚಿಡಬೇಡಿ. ಅದು ಪಿಎಸ್‌ಎ ಅಂಕಿಯನ್ನು ಸುಮಾರು ಅರ್ಧಕ್ಕಿಳಿಸುತ್ತದೆ.