ಅಂಗನವಾಡಿ ಊಟದ ಖರ್ಚು ಯಾರ ಹೆಗಲಿಗೆ?

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಲ್ಲಿ ತೆರೆದ 100 ಕೇಂದ್ರಗಳಿಂದ ಹೊರಟ ಯೋಜನೆಗೆ ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಅವು ಎಷ್ಟು ವಿಸ್ತಾರವಾಗಿ ಹಬ್ಬಿವೆ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಅವುಗಳ ಖರ್ಚು ಯಾರ ಪಾಲಿಗೆ ಹೇಗೆ ಬಂತು ಎಂಬುದು ಅಷ್ಟಾಗಿ ಚರ್ಚೆಯಾಗದ ಸಂಗತಿ. ಮಗುವಿನ ತಟ್ಟೆಗೆ ಏನು ಬೀಳುತ್ತದೆ ಎನ್ನುವುದನ್ನು ನಿರ್ಧರಿಸುತ್ತ ಬಂದಿರುವುದು ಮಾತ್ರ ಅದೇ.

ಈ ಯೋಜನೆಗೂ ಮೊದಲು ಮಕ್ಕಳ ಕಲ್ಯಾಣಕ್ಕೆ ಸರ್ಕಾರದ ಹಣ ಹರಿಯುತ್ತಿದ್ದದ್ದು ಹೆಚ್ಚಾಗಿ ಅನುದಾನದ ರೂಪದಲ್ಲಿ. ದುರ್ಗಾಬಾಯಿ ದೇಶಮುಖ್ ಅಧ್ಯಕ್ಷತೆಯಲ್ಲಿ 1953ರಲ್ಲಿ ಹುಟ್ಟಿದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ, ಬಾಲವಾಡಿ ನಡೆಸುವ ಸ್ವಯಂಸೇವಾ ಸಂಘಗಳಿಗೆ ನೆರವು ಕೊಡುತ್ತಿತ್ತು. ಸಂಘಸಂಸ್ಥೆ ಇದ್ದ ಊರಿಗೆ ಹಣ ಹೋಗುತ್ತಿತ್ತು. ಇಲ್ಲದ ಊರಿನ ಮಕ್ಕಳಿಗೆ ಬಾಲವಾಡಿಯೂ ಇಲ್ಲ, ಹಾಲೂ ಇಲ್ಲ. 1974ರ ಆಗಸ್ಟ್‌ನಲ್ಲಿ ಬಂದ ರಾಷ್ಟ್ರೀಯ ಮಕ್ಕಳ ನೀತಿ ಈ ಹೊಣೆಯನ್ನು ಸರ್ಕಾರದ ಮೇಲೆಯೇ ಹೊರಿಸಿತು. ಮರುವರ್ಷದ ಯೋಜನೆ ಅದರ ಫಲ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಹೀಗೆ ಆರು ಸೇವೆಗಳನ್ನು ಒಂದೇ ಸೂರಿನಡಿ ತಂದಿತು.

ಖರ್ಚಿನ ಹಂಚಿಕೆ ಮಾತ್ರ ಆರಂಭದಲ್ಲೇ ಎರಡಾಗಿ ಸೀಳಿತ್ತು. ಸಿಬ್ಬಂದಿ, ತರಬೇತಿ, ಸಲಕರಣೆಗಳ ವೆಚ್ಚವನ್ನು ಕೇಂದ್ರವೇ ಪೂರ್ತಿ ಭರಿಸಿತು. ಊಟದ ಖರ್ಚು ರಾಜ್ಯಗಳ ಪಾಲಾಯಿತು. ಕಾಗದದ ಮೇಲೆ ನ್ಯಾಯವಾಗಿ ಕಂಡ ಈ ಹಂಚಿಕೆಯ ಪೆಟ್ಟು ಬಿದ್ದದ್ದು ಬಡ ರಾಜ್ಯಗಳ ಮಕ್ಕಳಿಗೆ. ಬೊಕ್ಕಸ ಬಡವಾಗಿದ್ದಲ್ಲಿ ಅಂಗನವಾಡಿಯ ಬಾಗಿಲು ತೆರೆದಿರುತ್ತಿತ್ತು, ಕಾರ್ಯಕರ್ತೆಯೂ ಇರುತ್ತಿದ್ದಳು, ಒಲೆ ಹೊತ್ತುತ್ತಿರಲಿಲ್ಲ. ಹಸಿವು ಹೆಚ್ಚಿರುವ ಕಡೆಯೇ ಊಟಕ್ಕೆ ಹಣ ಕಡಿಮೆ ಎಂಬ ಸ್ಥಿತಿ ಮೂರು ದಶಕ ಮುಂದುವರಿದದ್ದು ಈ ಯೋಜನೆಯ ದೊಡ್ಡ ದೋಷ.

ಅದನ್ನು ಅಲುಗಾಡಿಸಿದ್ದು ಸುಪ್ರೀಂ ಕೋರ್ಟ್. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ 2001ರಲ್ಲಿ ಹೂಡಿದ ಆಹಾರದ ಹಕ್ಕಿನ ದಾವೆಯಲ್ಲಿ, ಅದೇ ವರ್ಷದ ನವೆಂಬರ್ 28ರಂದು ಬಂದ ಆದೇಶ ಆರು ವರ್ಷದೊಳಗಿನ ಪ್ರತಿ ಮಗುವಿಗೂ ದಿನಕ್ಕೆ 300 ಕ್ಯಾಲೊರಿ ಸಿಗಬೇಕೆಂದಿತು. ಆಗ ಒಂದು ಮಗುವಿನ ಊಟಕ್ಕೆ ನಿಗದಿಯಾಗಿದ್ದದ್ದು ದಿನಕ್ಕೆ ಒಂದು ರೂಪಾಯಿ. 2004ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಅದನ್ನು ಎರಡು ರೂಪಾಯಿಗೆ ಏರಿಸಿತು. ಆಹಾರ ಪೂರೈಕೆಯಲ್ಲಿ ಗುತ್ತಿಗೆದಾರರು ಇರಬಾರದೆಂದೂ ಹೇಳಿತು. 2005–06ರಿಂದ ಊಟದ ಖರ್ಚಿನಲ್ಲಿ ಅರ್ಧವನ್ನು ಕೇಂದ್ರ ಹೊರತೊಡಗಿತು. 2006ರ ಡಿಸೆಂಬರ್‌ನ ತೀರ್ಪು ಇನ್ನೂ ಮುಂದೆ ಹೋಯಿತು: ದೇಶದಲ್ಲಿ 14 ಲಕ್ಷ ಅಂಗನವಾಡಿಗಳಿರಬೇಕು, ಆರು ವರ್ಷದೊಳಗಿನ 40 ಮಕ್ಕಳಿರುವ ವಸತಿ ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕು. 2013ರ ಆಹಾರ ಭದ್ರತಾ ಕಾಯ್ದೆ ಈ ಊಟವನ್ನು ಕಾನೂನಿನ ಹಕ್ಕಾಗಿಸಿತು. ಅದೇ ಕಾಯ್ದೆ ಗರ್ಭಿಣಿ, ಬಾಣಂತಿಯರಿಗೆ ಕನಿಷ್ಠ 6,000 ರೂಪಾಯಿ ಕೊಡಬೇಕೆಂದಿತ್ತು. 2017ರಲ್ಲಿ ಬಂದ ಮಾತೃವಂದನಾ ಯೋಜನೆ ಕೊಟ್ಟದ್ದು 5,000 ರೂಪಾಯಿ, ಅದೂ ಮೊದಲ ಮಗುವಿಗೆ ಮಾತ್ರ.

ಹಕ್ಕು ಹಿಗ್ಗಿದಂತೆ ಕೇಂದ್ರದ ಪಾಲು ಕುಗ್ಗಿದ್ದು ಗಮನಿಸಬೇಕಾದ ಮಾತು. ಊಟ ಬಿಟ್ಟು ಉಳಿದ ವೆಚ್ಚದಲ್ಲಿ ಅದರ ಪಾಲು 2009–10ರಲ್ಲಿ ಶೇ 90ಕ್ಕೂ ನಂತರ ಶೇ 60ಕ್ಕೂ ಇಳಿಯಿತು. ಹದಿನಾಲ್ಕನೇ ಹಣಕಾಸು ಆಯೋಗ ರಾಜ್ಯಗಳ ತೆರಿಗೆ ಪಾಲನ್ನು ಶೇ 32ರಿಂದ 42ಕ್ಕೆ ಏರಿಸಿದ ಬೆನ್ನಲ್ಲೇ, ಹಿಂದಿನ ಬಜೆಟ್‌ನಲ್ಲಿ ಸುಮಾರು 18 ಸಾವಿರ ಕೋಟಿ ಇದ್ದ ಕೇಂದ್ರದ ಅನುದಾನ 2015–16ರ ಬಜೆಟ್‌ನಲ್ಲಿ ಸುಮಾರು 8,300 ಕೋಟಿಗೆ ಕುಸಿಯಿತು. ಪೂರಕ ಅಂದಾಜುಗಳಲ್ಲಿ ಒಂದಿಷ್ಟು ಮರಳಿ ಬಂದರೂ, ಹೆಚ್ಚಿಗೆ ಬಂದ ತೆರಿಗೆ ಹಣವನ್ನು ಮಕ್ಕಳಿಗೇ ಎತ್ತಿಡಬೇಕೋ ಬೇಡವೋ ಎಂಬುದು ಆಯಾ ರಾಜ್ಯದ ಮನಸ್ಸಿಗೆ ಬಿಟ್ಟ ವಿಷಯವಾಯಿತು.

ಕರ್ನಾಟಕ ಒಂದಿಷ್ಟನ್ನು ಎತ್ತಿಟ್ಟಿತು. 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲು ಅಂಗನವಾಡಿ ಮಕ್ಕಳಿಗೂ ಸಿಕ್ಕಿತು. ವಾರದ ಊಟಕ್ಕೆ ಮೊಟ್ಟೆ ಸೇರಿತು. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸತೊಡಗಿತು. ಮನೆಗೆ ಒಯ್ದ ಆಹಾರ ಎಲ್ಲರಿಗೂ ಹಂಚಿಹೋಗಿ ಬಸುರಿಯ ಹೊಟ್ಟೆಗೆ ಕೊಂಚವೇ ಉಳಿಯುತ್ತಿತ್ತು ಎಂಬುದು ಅದರ ಹಿಂದಿನ ವಿವೇಕ.

ಇಷ್ಟರ ನಡುವೆ ಯೋಜನೆಯನ್ನು ನಿಜಕ್ಕೂ ಹೊತ್ತವರು ಕಾರ್ಯಕರ್ತೆಯರು ಮತ್ತು ಸಹಾಯಕಿಯರು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ, ಇವರದ್ದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರ ಡಿಸೆಂಬರ್‌ನಲ್ಲೇ. ಎಲ್ಲ ಮಕ್ಕಳಿಗೂ ಅಂಗನವಾಡಿ ಎಂದ ತಿಂಗಳಲ್ಲೇ ಅದನ್ನು ನಡೆಸುವವಳು ನೌಕರಳಲ್ಲ ಎಂದಾಯಿತು. ಕಡಿಮೆ ಖರ್ಚಿನ ಯೋಜನೆ ಎಂಬ ಹೊಗಳಿಕೆಯ ಬೆಲೆ ತೆತ್ತವರು ಈ ಹೆಂಗಸರು. 2017ರ ಮಾರ್ಚ್‌ನಲ್ಲಿ ಅವರು ಬೆಂಗಳೂರಿನ ರಸ್ತೆಯಲ್ಲಿ ಹಗಲು ರಾತ್ರಿ ಕೂತು ಹೆಚ್ಚಳ ಕೇಳಬೇಕಾಯಿತು. ಮರುವರ್ಷ ಕೇಂದ್ರ ಕಾರ್ಯಕರ್ತೆಯ ಗೌರವಧನವನ್ನು 3,000ದಿಂದ 4,500 ರೂಪಾಯಿಗೆ ಏರಿಸಿತು. ಕರ್ನಾಟಕದಲ್ಲಿ ಅದಕ್ಕೆ ರಾಜ್ಯ ಸೇರಿಸುವ ಮೊತ್ತವೇ ದೊಡ್ಡದು. 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಪ್ರಕರಣದಲ್ಲಿ, ಇವರಿಗೂ ಗ್ರಾಚ್ಯುಟಿ ಕೊಡಬೇಕೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು.

ಊಟದ ದರ 2008ರ ಸುಮಾರಿಗೆ 4, 2012ರಲ್ಲಿ 6, 2017ರಲ್ಲಿ 8 ರೂಪಾಯಿ ಆಯಿತು. ತೀವ್ರ ಅಪೌಷ್ಟಿಕತೆಯ ಮಗುವಿಗೆ 12, ಗರ್ಭಿಣಿಗೆ 9 ರೂಪಾಯಿ 50 ಪೈಸೆ. ಅಡುಗೆ ಎಣ್ಣೆ, ಬೇಳೆ, ಮೊಟ್ಟೆಗಳ ಬೆಲೆ ಏರುತ್ತ ಹೋದ ವರ್ಷಗಳಲ್ಲೂ ಈ ದರ ಅಲ್ಲೇ ನಿಂತಿತ್ತು. 2025ರ ಕೇಂದ್ರ ಬಜೆಟ್ ಭಾಷಣದಲ್ಲಿ, 8 ಕೋಟಿಗೂ ಹೆಚ್ಚು ಮಕ್ಕಳನ್ನು ತಲುಪುವ ಈ ಆಹಾರದ ವೆಚ್ಚದ ಮಿತಿಯನ್ನು ಸೂಕ್ತವಾಗಿ ಹೆಚ್ಚಿಸಲಾಗುವುದು ಎಂಬ ಘೋಷಣೆ ಬಂತು. ಎಷ್ಟು ಹೆಚ್ಚಳ ಎಂಬ ಅಂಕಿ ಆ ಭಾಷಣದಲ್ಲಿರಲಿಲ್ಲ.